ಅಂತರಗಂಗೆಗೂ ಬೇರಿದೆ, ತಮ್ಮಾ

ಗಂಗಾವತಿ

ಪ್ರೀತಿಯ ತಮ್ಮಾ,

ಸಿಂಧನೂರಿನಿಂದ ನೀನು ಕಳಿಸಿದ ಕತೆಯನ್ನು ಎರಡು ಸಲ ಓದಿದೆ. ಬೆಂಗಳೂರಿನ ಬಸ್ಸು ಹತ್ತುವ ಮುಂಚೆ ಅವ್ವ ಮನೆಯ ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾಳಲ್ಲ, ಅಲ್ಲಿ ಹಾಳೆ ಕೆಳಗಿಟ್ಟು ಸುಮ್ಮನೆ ಕೂತೆ. ಬರೆಯುವುದನ್ನೇ ಬಿಡುತ್ತೇನೆ ಅಂದಿದ್ದೀಯ. ಬಿಡಬೇಡ. ಕಾಗುಣಿತ, ಪ್ರಕಾಶಕರ ವಿಳಾಸ ಇವನ್ನೆಲ್ಲ ಯಾರಾದರೂ ಹೇಳಿಕೊಡುತ್ತಾರೆ.

ನನಗೆ ಸಿಟ್ಟು ತರಿಸಿದ್ದು ಒಂದೇ ಸಾಲು: ‘ಗುಳೆ ಹೋದ ಅಪ್ಪ ಕುರುಡು ಬಾವಲಿ, ಅವ್ವ ಬೇರಿಲ್ಲದ ಅಂತರಗಂಗೆ.’ ಬಾವಲಿಯನ್ನು ಯಾವಾಗ ನೋಡಿದೆ ನೀನು? ಹಣ್ಣು ತಿನ್ನುವ ನಮ್ಮ ದೊಡ್ಡ ಬಾವಲಿಗೆ ಕಣ್ಣು ಚೆನ್ನಾಗಿ ಕಾಣುತ್ತದೆ. ಕಣ್ಣು, ಮೂಗು ನಂಬಿಯೇ ಅದು ಕತ್ತಲಲ್ಲಿ ಅತ್ತಿಹಣ್ಣು ಹುಡುಕುವುದು. ಕೂಗಿನ ಪ್ರತಿಧ್ವನಿ ಹಿಡಿದು ಹಾರುವುದು ಹುಳ ತಿನ್ನುವ ಸಣ್ಣ ಬಾವಲಿಗಳ ವಿದ್ಯೆ. ಬೇಸಿಗೆಯ ಮಧ್ಯಾಹ್ನ ಹುಣಸೆ ಮರದ ಕೆಳಗೆ ನಿಂತು ನೋಡು. ತಲೆಕೆಳಗಾಗಿ ತೂಗುತ್ತ ರೆಕ್ಕೆಯಿಂದ ಗಾಳಿ ಬೀಸಿಕೊಳ್ಳುತ್ತಿರುತ್ತದೆ. ತಾಯಿಯಾದರೆ ಎದೆಗೆ ಒಂದೇ ಮರಿ. ರಾತ್ರಿ ಎಷ್ಟು ದೂರ ಅಲೆದರೂ ಬೆಳಗಿನ ಜಾವ ತನ್ನ ಮರಕ್ಕೇ ಬರುತ್ತದೆ. ನಿನ್ನ ಕತೆಯ ಅಪ್ಪನೂ ಮುಂಗಾರಿಗೆ ಊರಿಗೆ ಬರುತ್ತಾನೆ ಅಂತ ನೀನೇ ಬರೆದಿದ್ದೀಯಲ್ಲೋ!

ಇನ್ನು ಅಂತರಗಂಗೆ, ಕೆರೆಯ ನೀರಿನ ಮೇಲೆ ತೇಲುವ ಗಿಡ. ಇದು ನನ್ನದೇ ಹಳೆಯ ತಪ್ಪು. ನನ್ನ ಮೊದಲ ಕತೆಯಲ್ಲೂ ‘ಬೇರಿಲ್ಲದ ಅಂತರಗಂಗೆಯಂಥ ಹೆಣ್ಣು’ ಅಂತ ಬರೆದಿದ್ದೆ. ಅದನ್ನು ಕೇಳಿದ ನಮ್ಮ ಓಣಿಯ ಮುದುಕಿಯೊಬ್ಬಳು ನನ್ನನ್ನು ಕೆರೆಗೆ ಕರೆದೊಯ್ದು ಒಂದು ಗಿಡ ಎತ್ತಿ ಹಿಡಿದಳು. ಎಲೆಯ ಮೇಲಿನ ನೀರು ಮಣಿಮಣಿಯಾಗಿ ಉರುಳಿಹೋಯಿತು. ಕೆಳಗೆ ನೆನೆದ ಕುದುರೆಬಾಲದ ಹಾಗೆ ಬೇರಿನ ಜೊಂಪೆ, ಅದರೊಳಗೆ ಸಣ್ಣ ಬಸವನಹುಳು. ಪಕ್ಕದಲ್ಲಿ ಬಿಳಿ ಬಳ್ಳಿಯ ತುದಿಗೆ ಅಂಟಿಕೊಂಡ ಮರಿಗಿಡ. “ಇದಕ್ಕ ಬೇರ ಇಲ್ಲಂತ ಯಾರ ಹೇಳ್ಯಾರಪಾ ನಿನಗ?” ಅಂದಳು.

ಬೇರಿದೆ, ಮಣ್ಣು ಸಿಕ್ಕಿಲ್ಲ ಅಷ್ಟೆ. ನೀರಿನಲ್ಲೇ ಇಳಿಬಿಟ್ಟು ಅಲ್ಲೇ ಅನ್ನ ಹುಡುಕುತ್ತದೆ, ಗಾಳಿ ದೂಡಿದ ಕಡೆ ಮರಿ ಕಟ್ಟಿಕೊಂಡೇ ಹೋಗುತ್ತದೆ. ಹಾರುವ ಬಾವಲಿಗೆ ಒಂದು ಮರ ಇದೆ, ಬೇರಿರುವ ಇದಕ್ಕೆ ಒಂದು ಜಾಗ ಇಲ್ಲ. ನಿನ್ನ ಅಪ್ಪ, ಅವ್ವ ಇಬ್ಬರೂ ಇಲ್ಲೇ ಇದ್ದಾರೆ. ನೀನು ನೋಡದೆ ದಾಟಿ ಹೋದೆ.

ನಾನು ಮಾಡಿದ್ದು ಇನ್ನೂ ಕೆಟ್ಟದ್ದು. ಎಲ್ಲರೂ ಹೊಗಳಿದ್ದು ಆ ಸಾಲನ್ನೇ. ಹೊಗಳಿಕೆ ಕಳಕೊಳ್ಳಲು ಮನಸ್ಸು ಬರದೆ ಎರಡನೆಯ ಮುದ್ರಣದಲ್ಲೂ ಹಾಗೇ ಬಿಟ್ಟೆ. ಪುಸ್ತಕ ಹಿಡಿದು ಆ ಮುದುಕಿಯ ಮನೆಗೆ ಹೋಗಲು ಮುಖವಿರಲಿಲ್ಲ. ಈಗ ಆಕೆ ಇಲ್ಲ.

ಆ ಸಾಲನ್ನು ಹೊಸದಾಗಿ ಬರೆದು ಕಳಿಸು. ಕೀಲಿಕೈಯ ಜಾಗದಲ್ಲಿ ಒಂದು ಅಕ್ಷರವನ್ನೂ ಮುಟ್ಟಬೇಡ.

ನಿನ್ನ ಅಣ್ಣ