ಉಂಡೆಯಾಗುವ ಹಾವಿನ ವಿಷಯವಾಗಿ ಮಾಣಿಗೊಂದು ಪತ್ರ

ಡೊಂಬಿವಲಿ ಪೂರ್ವ

ಚಿರಂಜೀವಿ ಮಾಣಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಜೊತೆಗಾರನೊಬ್ಬ ಜರ್ಮನಿಗೆ ಹೊರಟಿದ್ದಾನೆ, ಅವನು ಸಾಕಿದ ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವನ್ನು ಗಾಜಿನ ಪೆಟ್ಟಿಗೆಯ ಸಮೇತ ನಿನಗೆ ಒಪ್ಪಿಸಿ ಹೋಗುತ್ತಾನೆ ಎಂದು ನೀನು ಪುಣೆಯಿಂದ ಫೋನಿನಲ್ಲಿ ತಿಳಿಸಿದಾಗ ನಾನು ಹೂಂ ಎಂದಷ್ಟೇ ಹೇಳಿ ಸುಮ್ಮನಾದೆ. ಅದನ್ನು ಒಪ್ಪಿಗೆಯೆಂದು ತಿಳಿದ ನಿನ್ನ ಅಮ್ಮ ಮರುದಿನವೇ ನನ್ನನ್ನು ತರಾಟೆಗೆ ತೆಗೆದುಕೊಂಡಳು. ಅದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. "ತುಂಬಾ ಸಾಧು ದೊಡ್ಡಪ್ಪ, ಕೈಯಲ್ಲಿಟ್ಟರೆ ಚೆಂಡಿನ ಹಾಗೆ ಸುತ್ತಿಕೊಂಡು ಮಲಗಿಬಿಡುತ್ತದೆ" ಎಂದೆಯಲ್ಲ, ಆ ಮಾತನ್ನು ಒಂದು ಕಾಲದಲ್ಲಿ ನಾನೂ ನಂಬಿದ್ದೆ. ಅದಕ್ಕಾಗಿಯೇ ಈ ಪತ್ರ.

1982ರ ಜನವರಿಯಲ್ಲಿ ಮುಂಬಯಿಯ ಮಿಲ್ಲು ಕಾರ್ಮಿಕರು ಮುಷ್ಕರ ಹೂಡಿದ ಮೇಲೆ ಪರೇಲಿನ ನನ್ನ ಕೆಲಸ ಮತ್ತೆ ಕೈಗೆ ಸಿಗಲಿಲ್ಲವೆಂಬುದೂ, ಎರಡು ವರ್ಷ ಅಲೆದ ಬಳಿಕ ಪಶ್ಚಿಮ ಆಫ್ರಿಕಾದ ಬೆನಿನ್ ದೇಶದ ಬೊಹಿಕಾನ್ ಪಟ್ಟಣದ ಬಳಿ ಹತ್ತಿ ಹಿಂಜುವ ಯಂತ್ರಗಳ ದುರಸ್ತಿಗೆ ಸೇರಿದೆನೆಂಬುದೂ ನಿನಗೆ ಗೊತ್ತು. ನೀನು ಮನೆಗೆ ತರಲು ಹೊರಟಿರುವ ಹಾವಿನ ತವರು ಅದೇ ಸೀಮೆ. ಪಶ್ಚಿಮದ ಸೆನೆಗಲ್‌ನಿಂದ ಘಾನಾ, ಟೋಗೊ, ಬೆನಿನ್, ನೈಜೀರಿಯಾಗಳ ಮೂಲಕ ಪೂರ್ವದ ಉಗಾಂಡದವರೆಗೆ ಹಬ್ಬಿರುವ ಹುಲ್ಲುಗಾವಲು ಮತ್ತು ಕುರುಚಲು ಕಾಡುಗಳಲ್ಲಿ ಅದು ಬದುಕುತ್ತದೆ. ಹೆಬ್ಬಾವೆಂದರೆ ದಟ್ಟ ಕಾಡೇ ಬೇಕೆಂದು ನಾವು ತಿಳಿಯುತ್ತೇವೆ. ಈ ಹಾವಾದರೋ ಮೆಕ್ಕೆಜೋಳ, ಮರಗೆಣಸಿನ ಹೊಲಗಳ ಬದುವಿನಲ್ಲಿ, ಎಣ್ಣೆತಾಳೆಯ ತೋಟಗಳಲ್ಲಿ ಧಾರಾಳವಾಗಿ ಇರುತ್ತಿತ್ತು. ಬೆಳೆಯನ್ನು ಹುಡುಕಿಕೊಂಡು ಇಲಿ ಬರುತ್ತದೆ, ಇಲಿಯ ಹಿಂದೆ ಇದು. 1802ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ವಿಜ್ಞಾನಿ ಇದಕ್ಕೆ ರಾಜೋಚಿತವೆಂಬ ಅರ್ಥದ ಹೆಸರಿಟ್ಟನಂತೆ. ಮೂರು ನಾಲ್ಕು ಅಡಿ ಉದ್ದದ, ಕಂಡವರಿಗೆಲ್ಲ ತಲೆ ಬಚ್ಚಿಟ್ಟುಕೊಳ್ಳುವ ಈ ಜೀವಿಯಲ್ಲಿ ರಾಜಗಾಂಭೀರ್ಯ ನನಗಂತೂ ಕಾಣಲಿಲ್ಲ.

ಹರ್ಮಟ್ಟಾನ್ ಗಾಳಿ ಧೂಳು ಹೊತ್ತು ತರುವ ಒಣ ತಿಂಗಳುಗಳಲ್ಲಿ ನಮ್ಮ ಕಾರ್ಖಾನೆಯ ಹಿಂದಿನ ಬಯಲಿಗೆ ಮುದುಕನೊಬ್ಬ ಗುದ್ದಲಿ ಹಿಡಿದು ಬರುತ್ತಿದ್ದ. ನೆಲದಲ್ಲಿ ಹತ್ತು ಬಿಲಗಳಿದ್ದರೆ ಒಂಬತ್ತನ್ನು ಅವನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಬಾಯಿಗೆ ಜೇಡರ ಬಲೆ ಕಟ್ಟಿದ್ದರೆ ಅದು ಪಾಳುಬಿಲ. ಬಾಯಿಯ ಧೂಳು ಅಂಗೈಯಿಂದ ಸವರಿದಂತೆ ನುಣುಪಾಗಿದ್ದರೆ ಒಳಗೆ ಹಾವಿದೆ. ಈ ಹಾವು ತಾನಾಗಿ ಬಿಲ ತೋಡುವುದಿಲ್ಲ. ಇಲಿ ತೋಡಿದ್ದರಲ್ಲಿ, ಗೆದ್ದಲಿನ ಹುತ್ತದಲ್ಲಿ ಸೇರಿಕೊಳ್ಳುತ್ತದೆ. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲಾಯಿತೆಂದು ನಮ್ಮ ಕಡೆ ಅನ್ನುವ ಮಾತು ಅಲ್ಲಿ ಅಕ್ಷರಶಃ ನಿಜ. ಹೊರಗೆ ಬಿಸಿಲು ನೆಲವನ್ನು ಹೆಂಚಿನಂತೆ ಕಾಯಿಸುವಾಗ ಆ ಬಿಲದೊಳಗೆ ಕೈಯಿಟ್ಟರೆ ತಂಪು, ಮಣ್ಣಿನಲ್ಲಿ ಒಂದಿಷ್ಟು ಪಸೆ. ಹಗಲೆಲ್ಲ ಅಲ್ಲೇ ಇದ್ದು, ಕತ್ತಲಾದ ಮೇಲೆ ಅದು ಹೊರಡುತ್ತದೆ. ಹೊರಟರೂ ಬೇಟೆಯನ್ನು ಅಟ್ಟಿಸಿಕೊಂಡು ಹೋಗುವ ಜಾತಿಯಲ್ಲ. ಮೇಲ್ದುಟಿಯ ಅಂಚಿನಲ್ಲಿರುವ ಸಣ್ಣ ಗುಳಿಗಳಿಂದ ಬಿಸಿರಕ್ತದ ಪ್ರಾಣಿಯ ಕಾವನ್ನು ಕತ್ತಲಲ್ಲೇ ಗುರುತಿಸಿ, ಹತ್ತಿರ ಬರುವವರೆಗೆ ಕಾದು, ಕಚ್ಚಿ ಹಿಡಿದು ಸುತ್ತಿ ಬಿಗಿಯುತ್ತದೆ. ಚಿಕ್ಕವೂ ಗಂಡುಗಳೂ ಮರ ಹತ್ತಿ ಹಕ್ಕಿಗಳನ್ನು ಹಿಡಿಯುವುದು ಹೆಚ್ಚು. ದಪ್ಪನೆಯ ಹೆಣ್ಣುಗಳು ನೆಲದ ಇಲಿಗಳನ್ನೇ ನೆಚ್ಚುತ್ತವೆ. ನಿನ್ನ ಜೊತೆಗಾರನ ಪೆಟ್ಟಿಗೆಯಲ್ಲಿ ಹತ್ತಲು ಒಂದು ಕೊಂಬೆಯಾದರೂ ಇದೆಯೇ ಎಂದು ಕೇಳು.

ಒಮ್ಮೆ ಆ ಮುದುಕ ಭುಜದವರೆಗೆ ಕೈ ಹಾಕಿ ತೆಂಗಿನಕಾಯಿ ಗಾತ್ರದ ಉಂಡೆಯೊಂದನ್ನು ಹೊರತೆಗೆದು ನನ್ನ ಅಂಗೈಗಿಟ್ಟ. ಕಪ್ಪುಕಂದು ಮೈಯ ಮೇಲೆ ಒಣ ಎಲೆಯ ಬಣ್ಣದ ಮಚ್ಚೆಗಳು. ತಲೆ ಎಲ್ಲಿದೆಯೆಂದೇ ತಿಳಿಯಲಿಲ್ಲ. ಕತ್ತಿನ ಬಳಿ ಹುರುಪೆಗಳ ಸಂದಿಯಲ್ಲಿ ಎರಡು ಉಣ್ಣೆಗಳು ಕಚ್ಚಿಕೊಂಡಿದ್ದವು. ಅರ್ಧ ಗಂಟೆ ಅದು ಮಿಸುಕಲಿಲ್ಲ. ಎಷ್ಟು ಸಾಧುವೆಂದು ನಾನು ಹಿಗ್ಗಿ, ಅದನ್ನು ಕೋಣೆಗೆ ಒಯ್ದು, ಬಿಡಿಭಾಗಗಳು ಬಂದಿದ್ದ ಮರದ ಪೆಟ್ಟಿಗೆಗೆ ತಂತಿಜಾಲರಿ ಹೊಡೆದು ಒಳಗಿಟ್ಟೆ. ಅದು ಇಲಿ ಕೊಟ್ಟರೂ ತಿನ್ನಲಿಲ್ಲ, ಕೋಳಿಮರಿ ಕೊಟ್ಟರೂ ತಿನ್ನಲಿಲ್ಲ. ಹಗಲು ಉಂಡೆಯಾಗಿ ಬಿದ್ದಿರುತ್ತಿದ್ದುದು ರಾತ್ರಿಯಿಡೀ ಜಾಲರಿಯ ಮೂಲೆ ಮೂಲೆಗೆ ಮೂತಿ ತೂರುತ್ತಿತ್ತು. ಮೂರನೆಯ ವಾರಕ್ಕೆ ಮೂತಿಯ ತುದಿ ಹಸಿಗಾಯವಾಗಿ ರಕ್ತ ಜಿನುಗಿತು. ಮುದುಕನನ್ನು ಕರೆಸಿದೆ. ಅವನು ಪೆಟ್ಟಿಗೆಯನ್ನು ನೋಡಿ, ನನ್ನನ್ನೂ ನೋಡಿ, ಏನೂ ಹೇಳದೆ ಹಾವನ್ನು ಬಟ್ಟೆಯಲ್ಲಿ ಸುತ್ತಿ ಅದೇ ಬಿಲದ ಬಾಯಿಗೆ ಬಿಟ್ಟ. ಉಂಡೆ ತಾನಾಗಿ ಬಿಚ್ಚಿಕೊಂಡು ಒಳಗೆ ಹರಿದುಹೋಗುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ನನ್ನ ಅಂಗೈಯಲ್ಲಿ ಅದು ಮಲಗಿರಲಿಲ್ಲ, ಮಾಣಿ. ನಾಗರಕ್ಕೆ ವಿಷವಿದೆ, ಕೇರೆಗೆ ಓಟವಿದೆ. ಎರಡೂ ಇಲ್ಲದ ಇದು ತಲೆಯನ್ನು ನಡುವಿಗಿಟ್ಟು ಮೈಯನ್ನೇ ಕೋಟೆ ಮಾಡಿಕೊಂಡು ಹದ್ದೋ ನಾಗರವೋ ಮನುಷ್ಯನೋ ಹೊರಟುಹೋಗಲಿ ಎಂದು ಕಾಯುತ್ತದೆ. ನಿನ್ನ ಕೈಯಲ್ಲಿ ಅದು ಚೆಂಡಾಗದೆ ನಾಲಿಗೆ ಚಾಚುತ್ತ ತೋಳಿನ ಮೇಲೆ ನಿಧಾನವಾಗಿ ಹರಿದಾಡಿದರೆ, ಆಗ ಅದಕ್ಕೆ ಅಂಜಿಕೆ ಕಡಿಮೆಯಾಗಿದೆಯೆಂದು ತಿಳಿ.

ಆ ಬಯಲಿನ ಇನ್ನೊಂದು ಬಿಲದಲ್ಲಿ ತಾಯಿಯನ್ನೂ ಕಂಡೆ. ಫೆಬ್ರವರಿಯಿಂದ ಏಪ್ರಿಲ್ ಆರಂಭದವರೆಗಿನ ಒಣ ದಿನಗಳಲ್ಲಿ ಹೆಣ್ಣು ಐದಾರು, ಹೆಚ್ಚೆಂದರೆ ಹತ್ತು ಹನ್ನೊಂದು ಮೊಟ್ಟೆಯಿಡುತ್ತದೆ. ಬೆಳ್ಳಗೆ, ತೊಗಲಿನಂತೆ ಮೆತ್ತಗಿರುವ ಮೊಟ್ಟೆಗಳು ಒಂದಕ್ಕೊಂದು ಅಂಟಿ ಒಂದೇ ಮುದ್ದೆಯಾಗಿರುತ್ತವೆ. ಸುಮಾರು ಎರಡು ತಿಂಗಳು ತಾಯಿ ಅದನ್ನು ಸುತ್ತಿಕೊಂಡು ಉಪವಾಸವಿರುತ್ತದೆ. ನಮ್ಮ ದೇಶದ ಹೆಬ್ಬಾವು ಮೈಯನ್ನು ಅದುರಿಸಿ ಮೊಟ್ಟೆಗೆ ಕಾವು ಕೊಡುತ್ತದೆ. ಇದು ಹಾಗೆ ಮಾಡುವುದಿಲ್ಲ. ಮೊಟ್ಟೆಯ ಪಸೆ ಆರದಂತೆ ಮುಚ್ಚಿಡುವುದೇ ಇದರ ಮುಖ್ಯ ಕಾಯಕ. ಮಳೆ ಹಿಡಿಯುವ ಹೊತ್ತಿಗೆ ಮರಿಗಳು ಹೊರಬರುತ್ತವೆ. ಸೊರಗಿದ ಹೆಣ್ಣು ಪ್ರತಿ ವರ್ಷ ಮೊಟ್ಟೆಯಿಡಲಾರದು. ಹಾವು ತಿಂಗಳುಗಟ್ಟಲೆ ತಿನ್ನದೆ ಇರುವುದು ಅದರ ರಕ್ತದಲ್ಲೇ ಇದೆ. ಮೈ ಇಳಿಯದಿದ್ದರೆ ನೀನು ಗಾಬರಿಬಿದ್ದು ಬಾಯಿಗೆ ತುರುಕಲು ಹೋಗಬೇಡ.

ಹೀಗೆ ಮೊಟ್ಟೆ ಹೊತ್ತ ಹೆಣ್ಣುಗಳನ್ನೇ ಅಗೆದು ತೆಗೆದು, ಮರಿಗಳನ್ನು ಅಮೆರಿಕ, ಯುರೋಪು, ಏಷ್ಯಾಗಳಿಗೆ ಕಳುಹಿಸುವ ವ್ಯಾಪಾರ ಟೋಗೊ, ಘಾನಾ, ಬೆನಿನ್‌ಗಳಲ್ಲಿ ಬೆಳೆಯಿತು. ಮಾಂಸಕ್ಕೆ, ಚರ್ಮಕ್ಕೆ ಹಿಡಿಯುವವರು ಬೇರೆ. ಅದೇ ಬೆನಿನ್ ದೇಶದ ಉಯಿದಾ ಪಟ್ಟಣದಲ್ಲಿ ಇಗರ್ಜಿಯ ಎದುರಿಗೇ ಈ ಹಾವಿನ ಗುಡಿಯಿದೆ. ದಾರಿ ತಪ್ಪಿ ಮನೆಗೆ ಬಂದ ಹಾವನ್ನು ಜನ ಗೌರವದಿಂದ ಗುಡಿಗೆ ಮರಳಿಸುತ್ತಾರೆ. ನೈಜೀರಿಯಾದಲ್ಲಿ ಇಗ್ಬೊ ಜನಾಂಗದವರ ಕೆಲವು ಊರುಗಳಲ್ಲಿ ಅರಿಯದೆ ಕೊಂದವನು ಅದಕ್ಕೆ ಶವಸಂಸ್ಕಾರ ಮಾಡಬೇಕು. ಸತ್ತ ನಾಗರಕ್ಕೆ ಸಂಸ್ಕಾರ ಮಾಡಿಸುವ ಕುಂದಾಪುರ ಸೀಮೆಯವರಾದ ನಮಗೆ ಇದು ವಿಚಿತ್ರವಾಗಿ ಕಾಣಬೇಕಾಗಿಲ್ಲ.

ನಿನ್ನ ಜೊತೆಗಾರನ ಹಾವು ಎಲ್ಲಿಂದ ಬಂತೆಂಬುದನ್ನು ಬಾಯಿಮಾತಿನಲ್ಲಿ ಕೇಳಿ ಬಿಡಬೇಡ, ಕಾಗದ ನೋಡು. ಬ್ಯಾಂಕಾಕಿನಿಂದ ಬಂದವರ ಚೀಲಗಳಲ್ಲಿ ಈ ಹಾವುಗಳು ಸಿಕ್ಕಿದ ಸುದ್ದಿ ಮುಂಬಯಿ ವಿಮಾನ ನಿಲ್ದಾಣದಿಂದ ಆಗಾಗ ಬರುತ್ತಲೇ ಇರುತ್ತದೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ಬಳಿಕ ಇಂಥ ವಿದೇಶಿ ಪ್ರಾಣಿಯನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ಒಬ್ಬರಿಂದ ಒಬ್ಬರಿಗೆ ಹೋದರೆ ಅದನ್ನೂ ತಿಳಿಸಬೇಕು. ಆ ಪತ್ರವಿಲ್ಲದಿದ್ದರೆ ಪೆಟ್ಟಿಗೆಯನ್ನು ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸುವಂತೆ ಅವನಿಗೇ ಹೇಳು. ತಾಮ್ಹಿಣಿ ಘಾಟಿನಲ್ಲಿ ಬಿಟ್ಟರಾಯಿತೆಂಬ ಯೋಚನೆ ಯಾರಿಗೂ ಬರದಿರಲಿ; ಅದು ಅದರ ನೆಲವಲ್ಲ, ಅದು ತರುವ ರೋಗ ನಮ್ಮ ಹಾವುಗಳಿಗೆ ಬೇಡ.

ವಯಸ್ಸಿನ ಲೆಕ್ಕವನ್ನೂ ಹಾಕು. ಸಾಕಿದ ಈ ಹಾವು 20-30 ವರ್ಷ ಬದುಕುವುದು ಸಾಮಾನ್ಯ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದ ಹೆಣ್ಣೊಂದು, ಹಲವು ವರ್ಷ ಗಂಡಿನ ಸಂಗವೇ ಇಲ್ಲದೆ, 2020ರಲ್ಲಿ ಏಳು ಮೊಟ್ಟೆಯಿಟ್ಟಿತು. ನಾಳೆ ನಿನಗೂ ಜರ್ಮನಿಯ ಕರೆ ಬಂದರೆ ಪೆಟ್ಟಿಗೆ ಯಾರ ಮನೆಗೆ?

ಇಷ್ಟಾಗಿಯೂ ಕಾಗದಗಳು ಸರಿಯಿದ್ದು, ನಿನ್ನ ಮನಸ್ಸೂ ಗಟ್ಟಿಯಿದ್ದರೆ, ತಂದುಕೋ. ಮೊದಲು ಪೆಟ್ಟಿಗೆಯ ಎರಡು ತುದಿಗಳಲ್ಲಿ, ಒಂದು ಬೆಚ್ಚಗಿನ ಕಡೆ, ಇನ್ನೊಂದು ತಂಪು ಕಡೆ, ಮೈಗೆ ಒತ್ತಿಕೊಳ್ಳುವಷ್ಟು ಇಕ್ಕಟ್ಟಾದ, ಒಂದೇ ಬಾಯಿಯ ಮರೆಗಳನ್ನು ಇಡು. ಗಾಜಿನ ಮೂರು ಬದಿಗೆ ಕಾಗದ ಹಚ್ಚು. ಮೊದಲ ಎರಡು ವಾರ ನೀರು ಬದಲಿಸುವುದಕ್ಕಲ್ಲದೆ ಕೈ ಹಾಕಬೇಡ, ಗೆಳೆಯರಿಗೆ ತೋರಿಸಬೇಡ. ನಿನ್ನ ಅಮ್ಮನ ಜೊತೆ ನಾನು ಮಾತನಾಡುತ್ತೇನೆ; ಅದಕ್ಕೆ ಮುಂಚೆ ನೋಂದಣಿ ಪತ್ರದ ಪ್ರತಿಯನ್ನು ನನಗೆ ಕಳುಹಿಸು.

ಇಂತಿ ನಿನ್ನ
ದೊಡ್ಡಪ್ಪ