ಮಳೆಗೆ ಲೆಕ್ಕ ಇದೆ, ಬಿಸಿಲಿಗೆ? ಮಂಜೇಶ್ವರದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ಅಡಿಕೆ ಕೃಷಿಕ. ಕಳೆದ ಡಿಸೆಂಬರಿನಲ್ಲಿ ಅಂಗಳದ ತುಂಬ ಹಣ್ಣಡಿಕೆ ಹರವಿದ್ದೆವು. ಸಿಪ್ಪೆ ಸಮೇತ ಒಣಗಿ ಚಾಲಿ ಅಡಿಕೆ ಆಗಲು ಒಳ್ಳೆಯ ಬಿಸಿಲಿದ್ದರೂ 35-40 ದಿನ ಬೇಕು, ನಿಮಗೂ ಗೊತ್ತು. ಎರಡನೇ ವಾರಕ್ಕೆ ಮೋಡ ಕವಿಯಿತು. ಒಂದು ಹನಿ ಮಳೆ ಇಲ್ಲ, ಸುಮ್ನೆ ಮೋಡ. ಎಂಟು ದಿನ. ಆಮೇಲೆ ಒಂದು ಅಡಿಕೆ ಸುಲಿದು ನೋಡಿದರೆ ಒಳಗೆ ಬೂಸ್ಟು. ನಷ್ಟ ಹೇಳಿಕೊಳ್ಳಲು ಒಂದು ಕಚೇರಿಗೆ ಹೋದೆ. ಅಲ್ಲಿದ್ದವರು ಪುಸ್ತಕ ತಿರುವಿ, "ಮಳೆಯೇ ಬಂದಿಲ್ಲವಲ್ಲ ಮಾರಾಯ್ರೇ" ಅಂದರು. ಅವರ ಮಾತೂ ತಪ್ಪಲ್ಲ. ಮಳೆಯ ಕಾಲಮಿನಲ್ಲಿ ಸೊನ್ನೆ ಇತ್ತು. ಬಿಸಿಲಿಗೆ ಕಾಲಮೇ ಇರಲಿಲ್ಲ.

ಬಿಸಿಲು ಅಳೆಯುವುದು ಹೊಸ ವಿದ್ಯೆಯೇನಲ್ಲ. ಹುಡುಗನಾಗಿದ್ದಾಗ ಒಂದು ಕೃಷಿ ಕೇಂದ್ರದಲ್ಲಿ ನೋಡಿದ್ದೆ. ಸುಲಿದ ಸಣ್ಣ ತೆಂಗಿನಕಾಯಿಯಷ್ಟು ದೊಡ್ಡ ಗಾಜಿನ ಗುಂಡು, ಅದರ ಹಿಂದೆ ಗಂಟೆಯ ಗೆರೆ ಎಳೆದ ಕಾರ್ಡು. ಗುಂಡಿನ ಮೂಲಕ ಹಾದ ಬಿಸಿಲು ಕಾರ್ಡನ್ನು ಸುಡುತ್ತದೆ. ಸೂರ್ಯ ಸರಿದ ಹಾಗೆ ಸುಟ್ಟ ಗೆರೆಯೂ ಸರಿಯುತ್ತದೆ, ಮೋಡ ಬಂದಲ್ಲಿ ತುಂಡಾಗುತ್ತದೆ. ಸಂಜೆ ಸುಟ್ಟ ಉದ್ದ ನೋಡಿದರೆ ಆವತ್ತು ಎಷ್ಟು ಗಂಟೆ ಬಿಸಿಲು ಎಂದು ಸಿಕ್ಕಿತು. ಕರೆಂಟ್ ಬೇಡ, ಬ್ಯಾಟರಿ ಬೇಡ. 1853ರಲ್ಲಿ ಕ್ಯಾಂಬೆಲ್ ಎಂಬವರು ಹುಡುಕಿದ ಉಪಾಯ, 1879ರಲ್ಲಿ ಸ್ಟೋಕ್ಸ್ ಎಂಬ ವಿಜ್ಞಾನಿ ತಿದ್ದಿದ್ದು.

ಆದರೆ ಅದು ಗಂಟೆ ಹೇಳುತ್ತದೆ, ಬಿಸಿಲಿನ ಚುರುಕು ಹೇಳುವುದಿಲ್ಲ. ಅದಕ್ಕೆ ಪೈರನೋಮೀಟರ್ ಬೇಕು. ಗಾಜಿನ ಗುಮ್ಮಟದಡಿಯ ಕಪ್ಪು ಬಿಲ್ಲೆ ಕಾದಷ್ಟೂ ಒಂಚೂರು ವಿದ್ಯುತ್ ಹುಟ್ಟುತ್ತದೆ. ಅದರಿಂದ ಚದರ ಮೀಟರಿಗೆ ಎಷ್ಟು ವಾಟ್ ಎಂದು ತಿಳಿಯುತ್ತದೆ. ಮೋಡವಿಲ್ಲದ ನಡುಮಧ್ಯಾಹ್ನ ಸುಮಾರು 1000 ಇರುತ್ತದೆ. ಮೋಡದ ಎಂಟು ದಿನ ನಮ್ಮ ಅಂಗಳದಲ್ಲಿ ಎಷ್ಟಿತ್ತೋ, ಯಾರಿಗೆ ಗೊತ್ತು!

ಪಂಚಾಯತಿಗೆ ಒಂದರಂತೆ ಈ ಪೈರನೋಮೀಟರನ್ನು ನಿಮ್ಮ ನಿಧಿಯಿಂದ ಕೊಡಿಸಿ. ಶಾಲೆಯ ತಾರಸಿಯಲ್ಲಿ ಇಡಬಹುದು. ಕಂಗಿನ (ಅಡಿಕೆ ಮರದ) ನೆರಳು ಬಿದ್ದರೆ ಮಾತ್ರ ಲೆಕ್ಕ ಕೆಟ್ಟಿತು. ಗುಮ್ಮಟ ಒರೆಸುವ ಕೆಲಸವನ್ನು ಯಾರಿಗಾದರೂ ವಹಿಸಿ, ಇಲ್ಲವಾದರೆ ಕಾಗೆ ಹಿಕ್ಕೆಯೇ ಮೋಡ ಅಂತ ದಾಖಲಾಗುತ್ತದೆ. ಎರಡು ವರ್ಷಕ್ಕೊಮ್ಮೆ ಸರಿ ತೋರಿಸುತ್ತಿದೆಯಾ ಎಂದು ಪರೀಕ್ಷೆ ಮಾಡಿಸಬೇಕು. ಆ ಖರ್ಚನ್ನೂ ಈಗಲೇ ತೆಗೆದಿಡಿ. ಉದ್ಘಾಟನೆಯ ಕಲ್ಲಿಗಿಂತ ಅದು ಮುಖ್ಯ ಅಲ್ವಾ? ದಿನದ ಅಂಕಿ ಮಲಯಾಳದ ಜೊತೆ ಕನ್ನಡದಲ್ಲೂ ಬರಲಿ. ಮನೆಗೆ ಸೋಲಾರ್ ಹಾಕಿಸುವವರಿಗೂ ಇದು ಬೇಕಾಗುತ್ತದೆ.

ನವೆಂಬರಿಗೆ ನಮ್ಮಲ್ಲಿ ಕೊಯ್ಲು ಶುರು. ಅದಕ್ಕೆ ಮುಂಚೆ ಒಂದಾದರೂ ಬರುತ್ತದೋ ಇಲ್ಲವೋ ತಿಳಿಸಿ.

ಇತಿ,
ಎಣ್ಮಕಜೆ ಪಂಚಾಯತಿನ ಒಬ್ಬ ಅಡಿಕೆ ಕೃಷಿಕ