ಲೆಕ್ಕ ಕೇಳುವ ಮುನ್ನ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಗಣಿತ, ಭೌತಶಾಸ್ತ್ರದ ಲೆಕ್ಕಗಳನ್ನು ಈ ಗುಂಪಿನಲ್ಲಿ ಧಾರಾಳವಾಗಿ ಕೇಳಿ. ಆದರೆ ಪ್ರಶ್ನೆಯ ಫೋಟೋ ಹಾಕಿ ಸುಮ್ನೆ ‘ಅರ್ಜೆಂಟ್, ಬಿಡಿಸಿಕೊಡಿ’ ಅನ್ನಬೇಡಿ. ಎಲ್ಲಿವರೆಗೆ ಮಾಡಿದ್ದೀರಿ, ಎಲ್ಲಿ ಸಿಕ್ಕಿಕೊಂಡಿದ್ದೀರಿ ಅನ್ನೋದೂ ಬೇಕು.

ಮೊನ್ನೆ ಒಬ್ಬರು ಇಳಿಜಾರಿನಲ್ಲಿ ಜಾರದೆ ಉರುಳುವ ಘನ ಸಿಲಿಂಡರಿನ ಲೆಕ್ಕ ಕೇಳಿದ್ದರು. ಅವರಿಗೆ ಬಂದ ವೇಗೋತ್ಕರ್ಷ ಜಿ ಸೈನ್ ಥೀಟಾ (ಜಿ ಅಂದರೆ ಗುರುತ್ವ ವೇಗೋತ್ಕರ್ಷ, ಥೀಟಾ ಅಂದರೆ ಇಳಿಜಾರಿನ ಕೋನ). ಪುಸ್ತಕದ ಉತ್ತರ ಅದರ 2/3 ಭಾಗ. ತಾವು ಮಾಡಿದ ಪುಟವನ್ನೂ ಹಾಕಿದ್ದರಿಂದ ತಪ್ಪು ತಕ್ಷಣ ಕಂಡಿತು: ಸಿಲಿಂಡರ್ ತಿರುಗುವುದಕ್ಕೆ ಹೋಗುವ ಚಲನಶಕ್ತಿಯನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬರೀ ಪ್ರಶ್ನೆ ಹಾಕಿದ್ದರೆ ಇದು ಯಾರಿಗೆ ಗೊತ್ತಾಗುತ್ತಿತ್ತು, ಅಲ್ವಾ?

ಫೋಟೋ ನೆಟ್ಟಗಿರಲಿ, ಅಡ್ಡ ಬೇಡ. ಉತ್ತರ ಕೊಡುವವರೂ ಮೊದಲು ಸುಳಿವು ಕೊಡಿ, ಪೂರ್ತಿ ಬಿಡಿಸಬೇಡಿ. ಇಂಟರ್ನಲ್ಸ್ (ಕಾಲೇಜಿನ ಆಂತರಿಕ ಪರೀಕ್ಷೆ) ನಡೆಯುತ್ತಿರುವಾಗ ಆ ಪರೀಕ್ಷೆಯ ಪ್ರಶ್ನೆಯನ್ನೇ ಹಾಕಿದರೆ ಅಳಿಸುತ್ತೇವೆ, ಬೇಜಾರು ಮಾಡ್ಕೋಬೇಡಿ.